ಇಲ್ಲದ ಹಸುವಿನ ಮೇವು

ನಮ್ಮ ಊರಿನಲ್ಲಿ ಯಾವ ವಾರವೆಂದು ತಿಳಿಯಲು ಕ್ಯಾಲೆಂಡರ್ ನೋಡಬೇಕಾಗಿರಲಿಲ್ಲ; ಮೂಗು ಸಾಕಿತ್ತು. ಸೋಮವಾರ, ಮಂಗಳವಾರ ಬೀದಿಗಳ ತುಂಬ ಏಲಕ್ಕಿ. ಬುಧವಾರ ಕೊಬ್ಬರಿ. ಗುರುವಾರ ಜೀರಿಗೆ ಹಾಕಿದ ಉಪ್ಪು ಬಿಸ್ಕತ್ತು. ಶುಕ್ರವಾರ ಬಿಸ್ಕತ್ತು ಕಾರ್ಖಾನೆಯ ಭಟ್ಟಿ ಆರಿಸಿ ಒಳಗೆಲ್ಲ ಗುಡಿಸುತ್ತಿದ್ದುದರಿಂದ ಅಂದು ಊರಿಗೆ ಬೇರೆ ಊರುಗಳಿಗಿರುವಂಥ ಮಾಮೂಲು ವಾಸನೆಗಳಷ್ಟೇ ಇರುತ್ತಿದ್ದವು. ಬೆಳಗಿನ ಎಂಟಕ್ಕೆ ಕಾರ್ಖಾನೆಯ ಗಿಡ್ಡ ಚಿಮಣಿಯಿಂದ ಹೊರಟ ಬಿಸಿಗಾಳಿ ಮೊದಲು ಯಜಮಾನರ ಮನೆಯ ಅಂಗಳಕ್ಕೆ, ಅಲ್ಲಿಂದ ಹೆರಿಗೆ ಆಸ್ಪತ್ರೆಯ ಕಿಟಕಿಗಳಿಗೆ, ಆಮೇಲೆ ಉಳಿದ ಊರಿಗೆ ಬರುತ್ತಿತ್ತು. ನನ್ನ ಕೈಯಲ್ಲಿ ಹುಟ್ಟಿದ ಎಷ್ಟೋ ಮಕ್ಕಳು ಮೊದಲು ಎಳೆದುಕೊಂಡ ಉಸಿರಿನಲ್ಲಿ ಏಲಕ್ಕಿ ಇತ್ತು.

ನಾನು ಆ ಆಸ್ಪತ್ರೆಯ ನರ್ಸಾಗಿದ್ದೆ. ಆರು ಮಂಚಗಳ ಸಣ್ಣ ಕಟ್ಟಡ. ವಾರಕ್ಕೆರಡು ಸಲ ಡಾಕ್ಟರು ಬಂದು ಹೋಗುತ್ತಿದ್ದರು. ಉಳಿದ ದಿನ ನಾನು ಮತ್ತು ಒಬ್ಬಳು ಆಯಾ. ಅದನ್ನು ಕಟ್ಟಿಸಿದವರು ಬಿಸ್ಕತ್ತು ಕಾರ್ಖಾನೆಯ ಯಜಮಾನರಾದ ರುದ್ರಮುನಿಯಪ್ಪನವರು. ಅವರ ತಂಗಿ ಚೊಚ್ಚಲ ಹೆರಿಗೆಗೆಂದು ಗಾಡಿಯಲ್ಲಿ ದೊಡ್ಡ ಊರಿಗೆ ಹೋಗುವಾಗ ದಾರಿಯಲ್ಲೇ ತೀರಿಕೊಂಡಳಂತೆ. "ಇನ್ನೊಬ್ಬ ಹೆಣ್ಣುಮಗಳು ಆ ದಾರೀಲಿ ಹೋಗಬಾರದು" ಎಂದು ಅವರು ತಮ್ಮ ಮನೆಯ ಪಕ್ಕದ ಜಾಗವನ್ನೇ ಬಿಟ್ಟುಕೊಟ್ಟರು. ನನ್ನನ್ನು ಓದಿಸಿದವರೂ ಅವರೇ. ನನ್ನಪ್ಪ ಭಟ್ಟಿಯ ಮುಂದೆ ಇಪ್ಪತ್ತೆರಡು ವರ್ಷ ನಿಂತವನು. ಅವನು ತೀರಿಕೊಂಡ ಹದಿನೈದನೆಯ ದಿನ ಯಜಮಾನರು ನಮ್ಮ ಮನೆಯ ಚಾಪೆಯ ಮೇಲೆ ಕುಳಿತು, ನಮ್ಮ ಲೋಟದಲ್ಲೇ ನೀರು ಕುಡಿದು, "ಈ ಮಗು ನರ್ಸು ಓದ್ಲಿ ಬಿಡಮ್ಮ, ನಮ್ಮೂರಿಗೆ ಬೇಕಾಗ್ತಾಳೆ" ಎಂದು ನನ್ನ ತಾಯಿಗೆ ಹೇಳಿದ್ದರು.

ಅವರಿಗೆ ಎಲ್ಲರೂ ಗೊತ್ತಿದ್ದರು. ಹೆಸರು ಮಾತ್ರವಲ್ಲ, ಯಾರ ಅತ್ತೆಗೆ ಕಣ್ಣಿನ ಪೊರೆ, ಯಾರ ಮಗ ಶಾಲೆ ತಪ್ಪಿಸಿ ಕೆರೆ ಏರಿಯ ಮೇಲೆ ಕೂತಿರುತ್ತಾನೆ, ಎಲ್ಲವೂ. ಬೆಳಿಗ್ಗೆ ಮನೆಯಿಂದ ಕಾರ್ಖಾನೆಯ ಗೇಟಿಗೆ ನಡೆಯುವ ಇನ್ನೂರು ಹೆಜ್ಜೆಗಳಿಗೆ ಅವರು ಅರ್ಧ ಗಂಟೆ ತೆಗೆದುಕೊಳ್ಳುತ್ತಿದ್ದರು. ಹೊರಗಿನಿಂದ ಬಂದವರಿಗೆ ನಾವು ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆವು. ಈಗಲೂ ಅವರನ್ನು ಕೆಟ್ಟವರೆಂದು ನನ್ನಿಂದ ಹೇಳಲಾಗುವುದಿಲ್ಲ. ಹಾಗೆ ಹೇಳಲು ಆಗಿದ್ದರೆ ನನ್ನ ಕೆಲಸ ಎಷ್ಟು ಹಗುರಾಗುತ್ತಿತ್ತು!

ತಿಮ್ಮಾಜಮ್ಮ ನನಗಿಂತ ಎರಡು ವರ್ಷ ಚಿಕ್ಕವಳು. ಒಂದೇ ಶಾಲೆಯಲ್ಲಿ ಓದಿದವರು ನಾವು. ಅವಳು ಬೇಗ ಬಿಟ್ಟಳು. ಗಂಡನಿಲ್ಲ, ಒಬ್ಬಳು ಮಗಳು. ಕಾರ್ಖಾನೆಯಲ್ಲಿ ಅವಳ ಕೆಲಸ ರೋಲರಿನ ಮುಂದೆ. ನಾದಿದ ಹಿಟ್ಟನ್ನು ಎರಡು ಉಕ್ಕಿನ ಉರುಳೆಗಳ ನಡುವೆ ತಳ್ಳಬೇಕು. ಆ ಕಡೆಯಿಂದ ಅದು ಹಾಳೆಯಂತೆ ಹೊರಬರುತ್ತದೆ. ಆ ಉರುಳೆಗಳ ಬಾಯಿಗೆ ಮೊದಲು ಒಂದು ಕಬ್ಬಿಣದ ಜಾಲರಿ ಇತ್ತು, ಕೈ ಒಳಗೆ ಹೋಗದಂತೆ. ಹಿಟ್ಟು ಅದಕ್ಕೆ ಅಂಟಿಕೊಂಡು ಪದೇ ಪದೇ ಕೆರೆಯಬೇಕಾಗುತ್ತಿತ್ತೆಂದು ಒಂದು ದೀಪಾವಳಿಯ ಮುಂಚೆ, ಕೆಲಸದ ಒತ್ತಡದಲ್ಲಿ ಅದನ್ನು ತೆಗೆದು ಗೋಡೆಗೆ ಒರಗಿಸಿದರು. ಹಬ್ಬ ಮುಗಿದರೂ ಜಾಲರಿ ಗೋಡೆಗೇ ಒರಗಿ ನಿಂತಿತ್ತು.

ಅವಳನ್ನು ನನ್ನ ಬಳಿಗೆ ಎತ್ತಿಕೊಂಡು ಬಂದದ್ದು ಒಂದು ಬುಧವಾರ, ಕೊಬ್ಬರಿ ಬೇಯುವ ಹೊತ್ತು. ಬಲಗೈಯನ್ನು ಸೀರೆಯ ಸೆರಗಿನಲ್ಲಿ ಸುತ್ತಿದ್ದರು. ನಾನು ಸೆರಗು ಬಿಚ್ಚಿ ನೋಡಿದೆ. ಹೆಬ್ಬೆರಳು ಮತ್ತು ಕಿರುಬೆರಳು ಮಾತ್ರ ಬೆರಳುಗಳಂತಿದ್ದವು. ತಿಮ್ಮಾಜಮ್ಮ ಅಳಲಿಲ್ಲ. "ಅಕ್ಕಾ, ಹಿಟ್ಟೆಲ್ಲ ಕೆಟ್ಟೋಯ್ತು" ಎಂದಳು. ಅದನ್ನೇ ಮತ್ತೆ ಮತ್ತೆ ಹೇಳಿದಳು.

ಯಜಮಾನರು ಚಪ್ಪಲಿಯಿಲ್ಲದ ಕಾಲಲ್ಲಿ ಓಡಿ ಬಂದರು. ಅವಳ ತಲೆ ಸವರಿದರು. ನಾನು ಕಟ್ಟು ಕಟ್ಟುವವರೆಗೂ ಅವಳ ಎಡಗೈಯನ್ನು ಬಿಡಲಿಲ್ಲ. ಅವರ ಕಣ್ಣಲ್ಲಿ ನೀರಿತ್ತು. ಅದು ಸುಳ್ಳು ನೀರಲ್ಲ. ತಮ್ಮ ಕಾರಿನಲ್ಲೇ ಅವಳನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದರು. ಮೂರು ಬೆರಳು ಉಳಿಯಲಿಲ್ಲ. ಗಾಯ ಮಾಗಿದ ಮೇಲೆ ಅವಳಿಗೆ ರಟ್ಟಿನ ಡಬ್ಬಿ ಮಡಿಸುವ ಹಗುರ ಕೆಲಸ ಕೊಟ್ಟರು, ಮಗಳ ಓದನ್ನು ತಾವೇ ವಹಿಸಿಕೊಂಡರು, ಸೋರುತ್ತಿದ್ದ ಮನೆಗೆ ಹೆಂಚು ಹಾಕಿಸಿದರು. ಊರು ಮಾತಾಡಿಕೊಂಡಿತು: ಇಂಥ ಯಜಮಾನರು ಎಲ್ಲಿ ಸಿಗುತ್ತಾರೆ? ನಾನೂ ಅದನ್ನೇ ಹೇಳಿದೆ. ರೋಲರಿಗೆ ಒಂದು ಪೂಜೆಯನ್ನೂ ಮಾಡಿಸಿದರು. ಅದರ ಮೇಲೆ ದೇವರ ಪಟ ತೂಗುಹಾಕಿದರು. ಜಾಲರಿಯನ್ನು ಮಾತ್ರ ಮತ್ತೆ ಕೂಡಿಸಲಿಲ್ಲ. ಅಂದು ಅದು ನನಗೆ ಹೊಳೆಯಲೇ ಇಲ್ಲ. ಅಥವಾ ಹೊಳೆದಿತ್ತು, ಅದನ್ನು ನಾನು ಒಳಗೆ ಬಿಟ್ಟುಕೊಳ್ಳಲಿಲ್ಲ.

ನಾಲ್ಕು ವರ್ಷ ಹೀಗೇ ಕಳೆಯಿತು. ಯಜಮಾನರಿಗೆ ವಯಸ್ಸಾಯಿತು. ಅವರಿಗೆ ಮಕ್ಕಳಿರಲಿಲ್ಲ, ಪಾಲುದಾರರಾಗಿದ್ದ ಅಣ್ಣನ ಮಕ್ಕಳು ಮಾರೋಣವೆಂದರು. ಕೊಂಡುಕೊಂಡದ್ದು ಎಲ್ಲೋ ದೂರದ ನಗರದಲ್ಲಿ ಕಚೇರಿಯಿರುವ ಒಂದು ದೊಡ್ಡ ಕಂಪನಿ. ಕಾರ್ಖಾನೆಯ ಖರ್ಚಿನಲ್ಲಿ ನಡೆಯುತ್ತಿದ್ದ ಆಸ್ಪತ್ರೆಯೂ ಕಂಪನಿಯ ಕೈಗೇ ಹೋಯಿತು. ಕಂಪನಿಯ ಮಾಲೀಕರು ಯಾರೆಂದು ನಾವು ಯಾರೂ ನೋಡಲಿಲ್ಲ. ಮಾಲೀಕರೆಂದು ಒಬ್ಬರು ಇದ್ದಾರೆಯೇ ಎಂಬುದೇ ಗೊತ್ತಾಗಲಿಲ್ಲ. ಬಂದವನು ಅನಿರುದ್ಧನೆಂಬ ಮ್ಯಾನೇಜರು, ಮೂವತ್ತೈದರ ಪ್ರಾಯ, ತೊಳೆದಿಟ್ಟಂತಹ ಮುಖ. ಯಾರನ್ನೂ ಏಕವಚನದಲ್ಲಿ ಕರೆಯುತ್ತಿರಲಿಲ್ಲ. ಯಾರ ಹೆಸರನ್ನೂ ನೆನಪಿಟ್ಟುಕೊಳ್ಳುತ್ತಿರಲಿಲ್ಲ.

ಅವನು ಬಂದ ಆರನೆಯ ದಿನ ನಾನು ಔಷಧಿಯ ಪಟ್ಟಿ ಕೊಡಲು ಕಾರ್ಖಾನೆಯ ಒಳಗೆ ಹೋದೆ. ಎಲ್ಲ ರೋಲರುಗಳಿಗೂ ಹಳದಿ ಬಣ್ಣದ ಹೊಸ ಜಾಲರಿ ಬಂದಿತ್ತು. ಅದನ್ನು ತೆಗೆದರೆ ಯಂತ್ರವೇ ನಿಲ್ಲುವಂಥ ಏರ್ಪಾಡು.

"ಇದನ್ನು ಹಾಕಿಸಬೇಕು ಅಂತ ನಿಮಗೆ ಯಾರು ಹೇಳಿದರು?" ಎಂದು ಕೇಳಿದೆ.

ಅನಿರುದ್ಧ ನನ್ನ ಪ್ರಶ್ನೆಯೇ ಅರ್ಥವಾಗದವನಂತೆ ನೋಡಿದ. "ಯಾರೂ ಹೇಳಬೇಕಿಲ್ಲ ಮೇಡಂ. ಇದು ನಿಯಮ. ನಮ್ಮ ಎಲ್ಲ ಕಾರ್ಖಾನೆಗಳಲ್ಲೂ ಇದೆ."

ಅಷ್ಟೇ. ತಿಮ್ಮಾಜಮ್ಮನ ಮನೆಯ ಹೆಂಚು ಗೊತ್ತಿಲ್ಲದ, ಅವಳ ಮಗಳ ಹೆಸರು ಗೊತ್ತಿಲ್ಲದ, ಅವಳ ಮುಖವನ್ನೇ ಸರಿಯಾಗಿ ನೋಡಿರದ ಒಬ್ಬ ಮನುಷ್ಯ ಆರು ದಿನಗಳಲ್ಲಿ ಮಾಡಿದ್ದನ್ನು, ಅವಳಿಗಾಗಿ ಅತ್ತವರು ನಾಲ್ಕು ವರ್ಷದಲ್ಲಿ ಮಾಡಿರಲಿಲ್ಲ. ಸಂತೋಷಪಡಬೇಕಾಗಿದ್ದ ನನಗೆ ಅಂದು ಎಷ್ಟು ಸಿಟ್ಟು ಬಂತೆಂದರೆ, ಹೊರಗೆ ಬಂದು ನಲ್ಲಿಯ ಕೆಳಗೆ ಮುಖ ತೊಳೆದುಕೊಂಡೆ. ಯಾರ ಮೇಲಿನ ಸಿಟ್ಟೆಂದು ಹೇಳಲು ಬರುತ್ತಿರಲಿಲ್ಲ. ಮಂಗಳವಾರವಾಗಿತ್ತು. ಆದರೆ ಗಾಳಿಯಲ್ಲಿ ಏಲಕ್ಕಿ ತೆಳ್ಳಗಿತ್ತು. ಚಿಮಣಿಯನ್ನು ಇನ್ನೂ ಎತ್ತರಿಸುವ ಕೆಲಸ ಶುರುವಾಗಿತ್ತು.

ಎರಡು ತಿಂಗಳಾದ ಮೇಲೆ ಡಬ್ಬಿ ಮಡಿಸಲು ಯಂತ್ರ ಬಂತು. ಕೈಯಿಂದ ಮಡಿಸುತ್ತಿದ್ದ ಹನ್ನೊಂದು ಮಂದಿಯಲ್ಲಿ ಹತ್ತು ಮಂದಿಯನ್ನು ಬೇರೆ ಬೇರೆ ಕಡೆ ಹಾಕಿದರು. ತಿಮ್ಮಾಜಮ್ಮನೊಬ್ಬಳು ಉಳಿದಳು, ಎರಡೂ ಕೈ ಬೇಕಾಗದ ಕೆಲಸ ಅಲ್ಲಿರಲಿಲ್ಲ. ಅನಿರುದ್ಧ ನನಗೆ ಹೇಳಿ ಕಳಿಸಿದ. ಹೋದಾಗ ಅವನ ಮೇಜಿನ ಮೇಲೆ ನನ್ನ ಆಸ್ಪತ್ರೆಯ ಹಳೆಯ ರಿಜಿಸ್ಟರ್ ಬಿಚ್ಚಿಟ್ಟಿತ್ತು.

"ಕಾರ್ಖಾನೆಯೊಳಗೆ ಗಾಯಗೊಂಡವರನ್ನು ನಾವು ತೆಗೆಯುವ ಹಾಗಿಲ್ಲ, ಮೇಡಂ. ಕೂತು ಮಾಡುವಂಥ ಕೆಲಸವನ್ನಾದರೂ ಹುಟ್ಟಿಸಿ ಕೊಡಬೇಕು. ಅದಕ್ಕೇ ಹುಡುಕಿಸಿದೆ. ಆದರೆ ಇಲ್ಲಿ ಬೇರೆಯೇ ಬರೆದಿದೆ." ಅವನು ಬೆರಳಿಟ್ಟು ಓದಿದ. "ಮನೆಯಲ್ಲಿ ಹಸುವಿಗೆ ಮೇವು ಕತ್ತರಿಸುವಾಗ ಬಲಗೈಗೆ ಗಾಯ."

ಅಕ್ಷರ ನನ್ನದು. ದುಂಡಗೆ, ಸಾಲು ಬಾಗದಂತೆ ಬರೆದಿದ್ದೆ.

ಆ ಬುಧವಾರ ನಡೆದದ್ದರಲ್ಲಿ ಇದೊಂದನ್ನು ನಾನು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಕಟ್ಟು ಕಟ್ಟಿ ಮುಗಿಸಿ ಕೈ ತೊಳೆಯುತ್ತಿದ್ದಾಗ ಯಜಮಾನರು ಹಜಾರಕ್ಕೆ ಬಂದು ನನ್ನ ಪಕ್ಕ ನಿಂತಿದ್ದರು. "ಮಗಾ, ಕಾರ್ಖಾನೇಲಿ ಅಂತ ಬರೆದ್ರೆ ಇನ್‌ಸ್ಪೆಕ್ಟರು ಬರ್ತಾನೆ. ಬಾಗಿಲು ಹಾಕಿಸ್ತಾನೆ. ಮುನ್ನೂರು ಮನೆ ಒಲೆ ಆರ್ತದೆ. ನೋಡಿ ಬರಿಯಮ್ಮ" ಎಂದರು. ಏನು ಬರೆಯಬೇಕೆಂದು ಅವರು ಹೇಳಲಿಲ್ಲ. ಹಸುವನ್ನು ಕಲ್ಪಿಸಿದವಳು ನಾನು. ಮೇವನ್ನೂ, ಕತ್ತಿಯನ್ನೂ. ತಿಮ್ಮಾಜಮ್ಮನ ಮನೆಯಲ್ಲಿ ಹಸು ಹೋಗಲಿ, ಒಂದು ಕೋಳಿ ಕಟ್ಟುವಷ್ಟು ಜಾಗವೂ ಇರಲಿಲ್ಲ. ನನ್ನ ಚೀಟಿ ನೋಡಿ ದೊಡ್ಡಾಸ್ಪತ್ರೆಯವರೂ ಅದನ್ನೇ ಬರೆದುಕೊಂಡರು. ನನ್ನನ್ನು ಓದಿಸಿದವರು ಕೇಳಿದ ಮೊದಲನೆಯ ಉಪಕಾರ ಅದು. ಬರೆಯುವಾಗ ನನ್ನ ಕೈ ನಡುಗಿತ್ತೆಂದು ಹೇಳಿಕೊಳ್ಳಲು ಈಗ ಆಸೆಯಾಗುತ್ತದೆ. ನಡುಗಿರಲಿಲ್ಲ. ಊರಿಗೆ ಒಳ್ಳೆಯದು ಮಾಡುತ್ತಿದ್ದೇನೆಂದೇ ನಂಬಿದ್ದೆ.

"ಅದು ಸುಳ್ಳು" ಎಂದೆ ಅನಿರುದ್ಧನಿಗೆ. "ನಾನೇ ಬರೆದ ಸುಳ್ಳು. ಅವಳ ಕೈ ಸಿಕ್ಕಿದ್ದು ನಿಮ್ಮ ಎರಡನೆಯ ರೋಲರಿನಲ್ಲಿ."

ಅವನು ರಿಜಿಸ್ಟರ್ ಮುಚ್ಚಿದ. "ನಾನು ನಂಬುತ್ತೇನೆ" ಎಂದ. "ಆದರೆ ನಾನು ನಂಬಿದರೆ ಪ್ರಯೋಜನವಿಲ್ಲ. ಮೇಲಿನ ಕಚೇರಿಯವರಿಗೆ ಕಾಗದ ಬೇಕು. ಆ ಕಾಲದ ಮಾಲೀಕರು ಬರೆದುಕೊಡಲಿ. ಇಲ್ಲವೇ ಕಂಡವರು ಹೇಳಲಿ. ಕಡೇಪಕ್ಷ ಆಕೆಯಾದರೂ ಹೇಳಲಿ."

ಇಷ್ಟು ಸುಲಭವೇ ಎಂದುಕೊಂಡು ಹೊರಟವಳು ನಾನು. ಅಂದು ರೋಲರಿನ ಸುತ್ತ ನಿಂತಿದ್ದ ಒಂಬತ್ತು ಮಂದಿಯ ಮನೆಗಳಿಗೂ ಹೋದೆ. ಒಬ್ಬನು ಅವತ್ತು ಬೆನ್ನು ತಿರುಗಿಸಿದ್ದನಂತೆ. ಇನ್ನೊಬ್ಬಳು ನೀರು ಕುಡಿಯಲು ಹೋಗಿದ್ದಳಂತೆ. ಹೀಗೆ ಎಂಟು ಮಂದಿ ಒಂದೇ ಗಳಿಗೆಯಲ್ಲಿ ಬೇರೆ ಕಡೆ ನೋಡುತ್ತಿದ್ದರು. ಫಿಟ್ಟರ್ ಕಾಳಯ್ಯನೊಬ್ಬ ನಿಜ ಹೇಳಿದ: "ನರ್ಸಮ್ಮ, ನನ್ ಮಗಳ ಮೂರು ಬಾಣಂತನವೂ ಅವರ ಆಸ್ಪತ್ರೇಲೇ ಆಗಿದ್ದು. ಯಜಮಾನ್ರ ಮೇಲೆ ನನ್ ಬಾಯಿಂದ ಹೊರಡಲ್ಲ. ನನ್ನ ಬಿಟ್ಬಿಡಿ."

ತಿಮ್ಮಾಜಮ್ಮ ಅಕ್ಕಿ ಆರಿಸುತ್ತಿದ್ದಳು. ಎಡಗೈಯಿಂದ ಕಲ್ಲು ಹೆಕ್ಕುತ್ತ, ಬಲಗೈಯ ಎರಡು ಬೆರಳಿಂದ ಮೊರ ಒತ್ತಿ ಹಿಡಿದಿದ್ದಳು. ನಾನು ಎಲ್ಲವನ್ನೂ ಹೇಳಿದೆ.

"ನೀನು ಒಂದು ಮಾತು ಹೇಳು ಸಾಕು. ಕೆಲಸ ಉಳಿಯುತ್ತೆ."

"ಏನಂತ ಹೇಳ್ಲಕ್ಕ?"

"ರೋಲರಿಗೆ ಜಾಲರಿ ಇರಲಿಲ್ಲ ಅಂತ. ಕೈ ಅಲ್ಲಿ ಸಿಕ್ತು ಅಂತ. ನಡೆದದ್ದನ್ನ."

ಅವಳು ಮೊರವನ್ನು ಒಮ್ಮೆ ಕೊಡವಿದಳು. "ಕೈ ಹೋಯ್ತು. ಹೋಗಿದ್ದು ಬರಲ್ಲ. ಆದ್ರೆ ಆವತ್ತು ದೊಡ್ಡಾಸ್ಪತ್ರೇಲಿ ನಂಗೆ ಜ್ವರ ಏರಿದಾಗ ಮೂರು ದಿನ ಬೆಂಚಿನ ಮೇಲೆ ಕೂತಿದ್ದೋರು ಯಾರು? ನನ್ನ ತಮ್ಮ ಬರ್ಲಿಲ್ಲ. ಯಜಮಾನ್ರು ಕೂತಿದ್ರು. ಆ ಮನುಷ್ಯನ ಹೆಸರು ಕೆಡ್ಸಿ ನಾನು ಯಾವ ಬಾಯಲ್ಲಿ ಅನ್ನ ಉಣ್ಲಿ?"

"ಜಾಲರಿ ಇದ್ದಿದ್ದರೆ ಅವರು ಬೆಂಚಿನ ಮೇಲೆ ಕೂರೋದೇ ಬೇಕಿರಲಿಲ್ಲವಲ್ಲೇ!" ನನ್ನ ದನಿ ಏರಿತ್ತು.

"ಕೂಗಾಡ್ಬೇಡಕ್ಕ" ಎಂದಳು ಅವಳು ಶಾಂತವಾಗಿ. "ಹಸು ಕಟ್ಟಿದ್ದು ನೀನು."

ಅವಳು ಅದನ್ನು ಚುಚ್ಚಲು ಹೇಳಿರಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದ್ದಳು. ಅದಕ್ಕೇ ಹೆಚ್ಚು ನೋವಾಯಿತು.

ಉಳಿದದ್ದು ಯಜಮಾನರ ಮನೆ. ನಾನು ಹೋದದ್ದು ಮಧ್ಯಾಹ್ನ ಮೂರರ ಹೊತ್ತಿಗೆ. ಅವರು ಜಗುಲಿಯ ಕುರ್ಚಿಯಲ್ಲಿ ಕಾರ್ಖಾನೆಯ ಕಡೆಗೆ ಮುಖ ಮಾಡಿ ಕುಳಿತಿದ್ದರು. ನನ್ನನ್ನು ಕಂಡೊಡನೆ, "ಈವತ್ತು ಏನು ಬೇಯಿಸ್ತಾವ್ರೆ, ನಿಂಗೆ ಗೊತ್ತಾಗ್ತಿದ್ಯಾ?" ಎಂದು ಕೇಳಿದರು. ಚಿಮಣಿ ಆಗಲೇ ಎರಡಾಳೆತ್ತರ ಬೆಳೆದಿತ್ತು. ಹೊಗೆ ಊರಿನ ತಲೆಯ ಮೇಲೆ ಹಾದು ಬೇರೆಲ್ಲಿಗೋ ಹೋಗುತ್ತಿತ್ತು. ನನಗೂ ಗೊತ್ತಾಗುತ್ತಿರಲಿಲ್ಲ.

ಒಳಗಿನಿಂದ ಕಾಫಿ ತರಿಸಿದರು. ನನ್ನ ತಾಯಿಯ ಮಂಡಿನೋವು ವಿಚಾರಿಸಿದರು. ನಾನು ಲೋಟ ಕೆಳಗಿಟ್ಟು ಬಂದ ವಿಷಯ ಹೇಳಿದೆ.

"ತಿಮ್ಮಾಜಿನ ತೆಗೀತಾರಂತಾ?" ಅವರು ಎದ್ದೇ ನಿಂತರು. "ತೆಗೀಲಿ ಬಿಡು. ನಮ್ಮನೇಲಿ ಇರ್ತಾಳೆ. ಮಗಳ ಓದು ಹೆಂಗೂ ನಂದೇ. ಮದುವೆಯೂ ಮಾಡಿಕೊಡ್ತೀನಿ. ಅವಳಿಗೆ ಇನ್ನೇನು ಬೇಕು, ಕೇಳ್ಕೊಂಡ್ ಬಾ."

"ಅವಳಿಗೆ ಅದಾವುದೂ ಬೇಡ ಯಜಮಾನ್ರೇ. ಒಂದು ಹಾಳೆ ಕಾಗದ ಬೇಕು. ಕೈ ಸಿಕ್ಕಿದ್ದು ಕಾರ್ಖಾನೆಯಲ್ಲಿ ಅಂತ ನೀವು ಬರೆದುಕೊಡಬೇಕು."

ಅವರು ಮೆಲ್ಲಗೆ ಕುಳಿತುಕೊಂಡರು. ತಮ್ಮ ಅಂಗೈಗಳನ್ನು ನೋಡಿಕೊಂಡರು.

"ಜಾಲರಿ ತೆಗ್ಸಿದ್ದು ನಾನೇ ಕಣಮ್ಮ. ಮೇಸ್ತ್ರಿ ಅಲ್ಲ, ಬೇರೆ ಯಾರೂ ಅಲ್ಲ. ಕಾಳಯ್ಯ ಎರಡು ಸಲ ಬಂದು ಹೇಳ್ದ, ಹಾಕ್ಬಿಡೋಣ ಅಂತ. ಹಬ್ಬ ಕಳೀಲಿ ಅಂದೆ."

"ಆಮೇಲೆ? ಅವಳ ಕೈ ಹೋದಮೇಲಾದರೂ?"

"ಆಮೇಲೆ ಹಾಕಿದ್ರೆ," ಅವರ ದನಿ ಕುಗ್ಗಿತು, "ಮೊದಲು ಇರ್ಲಿಲ್ಲ ಅಂತ ಎಲ್ಲರಿಗೂ ಕಾಣ್ತಿತ್ತು."

ನಾಲ್ಕು ವರ್ಷ, ದಿನವೂ, ಬೇರೆ ಬೇರೆ ಹೆಂಗಸರು ಆ ಉರುಳೆಗಳ ಮುಂದೆ ಕೈಯೊಡ್ಡಿ ನಿಂತಿದ್ದರು. ಅವರೆಲ್ಲರ ಮಕ್ಕಳ ಹೆಸರೂ ಇವರಿಗೆ ಗೊತ್ತಿತ್ತು.

"ಈಗ ಹೇಳಿದ್ದನ್ನೇ ಬರೆದುಕೊಡಿ ಯಜಮಾನ್ರೇ. ಎರಡೇ ಸಾಲು. ನಾನು ಬರೆಯುತ್ತೇನೆ, ನೀವು ರುಜು ಹಾಕಿ."

ಅವರು ಅಡ್ಡಡ್ಡ ತಲೆಯಾಡಿಸಿದರು. "ನಂಗೆ ಮಕ್ಕಳಿಲ್ಲ. ಕಾರ್ಖಾನೆ ಹೋಯ್ತು. ಈ ಊರಲ್ಲಿ ನಂದು ಅಂತ ಉಳಿದಿರೋದು ಒಂದು ಹೆಸರು. ಬೇರೆ ಏನು ಬೇಕಾದ್ರೂ ಕೇಳು, ಈ ಮನೆ ಕೇಳು, ಬರೆದುಕೊಡ್ತೀನಿ. ಇದೊಂದು ಕೇಳ್ಬೇಡ ಮಗಾ."

ಹೌದು, ಅವರು ಮನೆಯನ್ನು ಕೊಟ್ಟುಬಿಡುತ್ತಿದ್ದರು. ಅದರಲ್ಲಿ ನನಗೆ ಅನುಮಾನವಿಲ್ಲ. ಯಾರಿಗೆ ಏನು ಬೇಕಾದರೂ ಎರಡು ಕೈಯಲ್ಲಿ ಎತ್ತಿ ಕೊಡಬಲ್ಲ ಮನುಷ್ಯ ಅವರು, ಕೊಡುವುದು ತಮ್ಮ ದೊಡ್ಡ ಮನಸ್ಸಿನಿಂದ ಬರುವುದಾದರೆ. ಇನ್ನೊಬ್ಬರಿಗೆ ಸಲ್ಲಬೇಕಾದದ್ದು ಎಂದೊಡನೆ ಅವರ ಕೈ ಕಟ್ಟಿಹೋಗುತ್ತಿತ್ತು. ಇದನ್ನು ಅಂದು ಅವರ ಮುಖಕ್ಕೆ ಹೇಳಬೇಕಿತ್ತು. ಹೇಳಲಿಲ್ಲ. ಕಾಲು ಮುಟ್ಟಿ ನಮಸ್ಕಾರ ಮಾಡಿ ಬಂದೆ, ಅಭ್ಯಾಸಬಲ. ಗೇಟು ದಾಟಿದ ಮೇಲೆ ನನ್ನ ಕೈಯನ್ನು ನಾನೇ ಶಪಿಸಿದೆ.

ಆ ವಾರ ನನ್ನ ಹೇಳಿಕೆಯನ್ನು ನಾನೇ ಬರೆದು ಅನಿರುದ್ಧನಿಗೆ ಕೊಟ್ಟೆ. ಏನಾಯಿತು, ಯಾರು ಕೇಳಿದರು, ನಾನು ಏನು ಬರೆದೆ, ತಿಮ್ಮಾಜಮ್ಮನಿಗೆ ಹಸುವೇ ಇರಲಿಲ್ಲವೆಂಬುದು, ಎಲ್ಲವನ್ನೂ ಮೂರು ಪುಟ. ಅವನು ಓದಿ, "ಇದರಿಂದ ನಿಮಗೆ ತೊಂದರೆಯಾಗಬಹುದು" ಎಂದ. ಆಗಲಿ ಎಂದೆ. ಸತ್ಯ ಹೇಳಿದ ಮೇಲೆ ಏನೋ ಒಂದು ನೆಟ್ಟಗಾಗುತ್ತದೆಂಬ ನಂಬಿಕೆ ನನಗಿತ್ತು.

ಉತ್ತರ ಬರಲು ಏಳು ವಾರ ಹಿಡಿಯಿತು. ಅನಿರುದ್ಧ ಅದನ್ನು ನನ್ನ ಕೈಗೇ ಕೊಟ್ಟ. ಮೊದಲನೆಯ ಮಾತು: ಬೇರೆ ಸಾಕ್ಷಿಯಿಲ್ಲದ್ದರಿಂದ ಗಾಯವು ಕಾರ್ಖಾನೆಯಲ್ಲಿ ಆದದ್ದೆಂದು ಒಪ್ಪಲಾಗದು. ಎರಡನೆಯ ಮಾತು: ಆಸ್ಪತ್ರೆಯ ದಾಖಲೆಗಳು ನಂಬತಕ್ಕವಲ್ಲವೆಂದು ಅದರ ನರ್ಸೇ ಒಪ್ಪಿಕೊಂಡಿರುವುದರಿಂದ, ಅಂಥ ಸಂಸ್ಥೆಯೊಡನೆ ಕಂಪನಿಯ ಹೆಸರು ಸೇರಿರುವುದು ಸರಿಯಲ್ಲ; ತಿಂಗಳ ಕೊನೆಗೆ ಅದನ್ನು ಮುಚ್ಚತಕ್ಕದ್ದು. ಊರಿನ ಒಳಿತಿಗಾಗಿ ಕಂಪನಿಯು ಬೇರೆ ಯೋಜನೆಗಳನ್ನು ಹಮ್ಮಿಕೊಳ್ಳಲಿದೆ.

ನಾನು ಎರಡು ಸಲ ಓದಿದೆ. ನನ್ನ ಮಾತು ತಿಮ್ಮಾಜಮ್ಮನ ಪರವಾಗಿ ನಂಬಲು ಸಾಲದಾಗಿತ್ತು. ಆಸ್ಪತ್ರೆಯನ್ನು ಮುಚ್ಚಲು ಸಾಕಾಗಿತ್ತು.

"ಇದನ್ನು ಬರೆದವರು ಯಾರು?" ಎಂದೆ. "ಅವರ ಹೆಸರು ಹೇಳಿ. ನಾನು ಹೋಗಿ ಮಾತಾಡುತ್ತೇನೆ."

"ಒಬ್ಬರು ಅಂತ ಇಲ್ಲ ಮೇಡಂ. ಒಂದು ಸಮಿತಿ."

"ಆ ಸಮಿತಿಯಲ್ಲಿ ಒಬ್ಬರಾದರೂ ಈ ಊರು ನೋಡಿದ್ದಾರಾ? ಇಲ್ಲಿಂದ ದೊಡ್ಡಾಸ್ಪತ್ರೆಗೆ ಎಷ್ಟು ದೂರ ಅಂತ ಗೊತ್ತಾ ಅವರಿಗೆ?"

"ನಾನು ಬರೆದಿದ್ದೆ. ದೂರವನ್ನೂ ಬರೆದಿದ್ದೆ." ಅವನು ಕಿಟಕಿಯ ಕಡೆ ನೋಡಿದ. "ನನಗೂ ವರ್ಗವಾಗಿದೆ. ಮುಂದಿನ ತಿಂಗಳು ಹೊರಡುತ್ತೇನೆ." ಅವನ ಮೇಲೆ ಕೂಗಾಡಿದ್ದರೆ ಗೋಡೆಗೆ ಬೈದಂತಾಗುತ್ತಿತ್ತು.

ಊರಿಗೆ ಗೊತ್ತಾದದ್ದು ಒಂದೇ ಸಂಗತಿ: ನರ್ಸಮ್ಮ ಏನೋ ಬರೆದುಕೊಟ್ಟಳು, ಆಸ್ಪತ್ರೆ ಹೋಯಿತು. ಉಪ್ಪು ತಿಂದ ಮನೆಗೆ ಎರಡು ಬಗೆದವಳೆಂದು ಅಂಗಡಿಯ ಕಟ್ಟೆಯಲ್ಲಿ ನನಗೆ ಕೇಳುವಂತೆಯೇ ಮಾತಾಡಿದರು. ಮಂಚಗಳನ್ನು ಲಾರಿಗೆ ಏರಿಸುವ ದಿನ ಕಾಳಯ್ಯನ ಮಗಳು ತುಂಬಿದ ಬಸುರಿ. ಗೇಟಿನ ಬಳಿ ನಿಂತು ನನ್ನನ್ನೇ ನೋಡುತ್ತಿದ್ದಳು. "ನಾಲ್ಕನೇದು ಎಲ್ಲಿ ಹೆರ್ಲಿ ನರ್ಸಮ್ಮ?" ಎಂದು ಕೇಳಿದಳು. ಅವಳ ಹೆರಿಗೆಯನ್ನು ಅವಳ ಮನೆಯಲ್ಲೇ ಮಾಡಿಸಿದೆ. ಆಮೇಲೆ ಮನೆ ಮನೆಗೆ ಹೋಗುವುದೇ ನನ್ನ ಉದ್ಯೋಗವಾಯಿತು. ಕೈಮೀರುವಂತೆ ಕಂಡರೆ ಬಾಡಿಗೆ ವ್ಯಾನು ಹುಡುಕುತ್ತ ಬೀದಿಗೆ ಓಡುತ್ತಿದ್ದೆ. ಎರಡು ಸಲ ವ್ಯಾನು ಸಿಗಲು ತಡವಾಯಿತು. ಅವುಗಳ ವಿಷಯ ಇಲ್ಲಿ ಬರೆಯಲಾರೆ.

ತಿಮ್ಮಾಜಮ್ಮನನ್ನು ತೆಗೆದರು. ಯಜಮಾನರು ಮಾತಿಗೆ ತಪ್ಪಲಿಲ್ಲ. ಅವಳು ಅವರ ಮನೆಯಲ್ಲೇ ಇದ್ದಳು, ಮಗಳು ಓದಿದಳು. ಕೊನೆಗಾಲದಲ್ಲಿ ಅವರಿಗೆ ಗಂಜಿ ಕುಡಿಸಿದ್ದೂ ಅವಳೇ, ಎಡಗೈಯಲ್ಲಿ. ಅವರು ಹೋದ ದಿನ ಅಂಗಡಿಗಳೆಲ್ಲ ತಾವಾಗಿ ಮುಚ್ಚಿದವು. ನಾನು ಗುಂಪಿನ ಹಿಂದೆ ನಿಂತಿದ್ದೆ. ಅತ್ತೆ. ಅಳುವಾಗಲೂ ಒಳಗೆ ಹಲ್ಲು ಕಚ್ಚಿಕೊಂಡಿದ್ದೆ. ಪ್ರೀತಿಸಿದವರ ಮೇಲೆ ಹುಟ್ಟಿದ ಸಿಟ್ಟಿಗೆ ಎಲ್ಲಿಯೂ ಇಳಿಸಲು ಜಾಗವಿರುವುದಿಲ್ಲ.

ಅದಾಗಿ ಒಂದು ವರ್ಷದ ಮೇಲೆ ಕಂಪನಿಯವರ 'ಬೇರೆ ಯೋಜನೆ' ಬಂತು. ಊರ ಹೊರಗಿನ ರಸ್ತೆಯಲ್ಲಿ ಪ್ರಯಾಣಿಕರಿಗೆಂದು ಒಂದು ತಂಗುದಾಣ. ನುಣುಪು ಕಲ್ಲಿನ ಬೆಂಚು, ನೀಲಿ ತಗಡಿನ ಮಾಡು, ಮಾಡಿಗಿಂತ ದೊಡ್ಡ ಅಕ್ಷರಗಳಲ್ಲಿ ಕಂಪನಿಯ ಹೆಸರು. ಯಾರೋ ಬಂದು ರಿಬ್ಬನ್ ಕತ್ತರಿಸಿ, ಫೋಟೋ ತೆಗೆಸಿಕೊಂಡು ಹೋದರು. ಚೆನ್ನಾಗಿಯೇ ಇತ್ತು. ಆದರೆ ಬಸ್ಸು ನಿಲ್ಲುವುದು ಅಲ್ಲಲ್ಲ. ಅಲ್ಲಿಂದ ಅರ್ಧ ಫರ್ಲಾಂಗು ಆಚೆ, ತಿರುವಿನ ಹೊಂಗೆ ಮರದ ಕೆಳಗೆ. ನಾವು ಹುಟ್ಟುವ ಮೊದಲಿಂದಲೂ ಅಲ್ಲೇ.

ಒಂದು ಮಧ್ಯಾಹ್ನ ನಾನು ಹೊಂಗೆ ಮರದ ಬಳಿ ಬಂದಾಗ ತಿಮ್ಮಾಜಮ್ಮನೂ ಅಲ್ಲಿದ್ದಳು, ಮಗಳ ಊರಿಗೆ ಹೊರಟವಳು. ಮಾತು ಕಡಿಮೆಯಾಗಿ ಬಹಳ ಕಾಲವಾಗಿತ್ತು. ಬೇಸಿಗೆಯ ಶುರುವಿನಲ್ಲಿ ಎಲೆ ಉದುರಿಸಿದ ಮರ ಇನ್ನೂ ಚಿಗುರಿರಲಿಲ್ಲ. ಹತ್ತಾರು ಮಂದಿ ತಲೆಯ ಮೇಲೆ ಸೆರಗು, ಟವೆಲು ಹೊದ್ದು ಬಿಸಿಲಲ್ಲಿ ನಿಂತಿದ್ದರು. ದೂರದಲ್ಲಿ ನೀಲಿ ಮಾಡಿನ ಕೆಳಗೆ ನೆರಳು ಖಾಲಿ ಬಿದ್ದಿತ್ತು.

ತಿಮ್ಮಾಜಮ್ಮ ಅದನ್ನೇ ನೋಡುತ್ತ, "ನಮ್ ಯಜಮಾನ್ರು ಇದ್ದಿದ್ರೆ ಹಿಂಗೆ ಕಟ್ಟುಸ್ತಿರ್ಲಿಲ್ಲ ಅಕ್ಕ" ಎಂದಳು. "ಬಸ್ಸು ಎಲ್ಲಿ ನಿಲ್ತದೆ ಅಂತ ಅವ್ರಿಗೆ ಗೊತ್ತಿತ್ತು."

"ಹೌದು" ಎಂದೆ. "ಅವರಿಗೆ ಎಲ್ಲ ಗೊತ್ತಿತ್ತು."

ಹೇಳಿದ ಮೇಲೆ ಹೇಳಬಾರದಿತ್ತೆನಿಸಿತು. ಅವಳು ಮೊದಲಿನಂತೆ ಅವರ ಪರ ವಾದಿಸುತ್ತಾಳೆಂದು ಕಾದೆ. ಅವಳು ವಾದಿಸಲಿಲ್ಲ. ರಸ್ತೆಯ ಕಡೆ ನೋಡಿದಳು, ಸೆರಗನ್ನು ಮುಂದಕ್ಕೆ ಎಳೆದುಕೊಂಡಳು.

"ಗೊತ್ತಿತ್ತು" ಎಂದಳು.

ಬಸ್ಸು ಬಂತು. ನೂಕುನುಗ್ಗಲಿನಲ್ಲಿ ಅವಳು ಮೊದಲು ಹತ್ತಿ, ನನಗೂ ಒಂದು ಸೀಟು ಹಿಡಿದಿಟ್ಟಳು. ತಂಗುದಾಣದ ಮುಂದೆ ಹಾದುಹೋಗುವಾಗ ಡ್ರೈವರು ವೇಗ ತಗ್ಗಿಸಲೂ ಇಲ್ಲ. ನಾನು ಕಿಟಕಿಯಿಂದ ನೋಡಿದೆ. ಯಾರದೋ ಐದಾರು ಆಡುಗಳು ಆ ನುಣುಪು ಕಲ್ಲಿನ ಬೆಂಚಿನ ಮೇಲೆ ಸಾಲಾಗಿ ಮಲಗಿ, ಕಣ್ಣು ಅರೆಮುಚ್ಚಿ, ತಂಪಿನಲ್ಲಿ ಮೆಲುಕು ಹಾಕುತ್ತಿದ್ದವು.